ಕ್ಯೂಆರ್ ಫಲಕ ಬರೆದಿಟ್ಟ ಕಿರ್ದಿ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ಗಳ ಮುಂದಿದ್ದ ಕ್ಯೂಆರ್ ಫಲಕಗಳು ಒಂದೊಂದಾಗಿ ಮರೆಯಾಗಿ, ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ವಿವರಗಳನ್ನು ಪಾವತಿ ಕಂಪನಿಗಳಿಂದ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಮಾಡಿಸದೆ ಮಿತಿ ಮೀರಿ ವಹಿವಾಟು ನಡೆಸಿದ್ದಾರೆಂದು ತೋರಿದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದೇ ಇದಕ್ಕೆ ಕಾರಣವಾಗಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವುದಾದರೆ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು.

ಸುದ್ದಿ ತಣ್ಣಗಾಯಿತು, ಗೊಂದಲ ಉಳಿಯಿತು. ಕೋಲಾರದ ಎಪಿಎಂಸಿಯ ಸುತ್ತಲಿನ ಹೋಟೆಲುಗಳಲ್ಲಿ, ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಪೇಟೆಬೀದಿಯಲ್ಲಿ ಕೇಳುವ ಪ್ರಶ್ನೆಗಳು ಸರಳವಾಗಿವೆ. ಫಲಕ ಇಟ್ಟರೆ ತೆರಿಗೆ, ತೆಗೆದರೆ ತೆರಿಗೆ ಇಲ್ಲವೇ? ತರಕಾರಿಗೆ ತೆರಿಗೆಯೇ ಇಲ್ಲದಿರುವಾಗ ತರಕಾರಿ ಮಾರುವವರಿಗೂ ನೋಟಿಸ್ ಹೇಗೆ ಹೋಯಿತು? ಮಗ ಕಳಿಸಿದ ದುಡ್ಡನ್ನೂ ವ್ಯಾಪಾರವೆಂದು ಎಣಿಸುತ್ತಾರೆಯೇ? ಇವುಗಳಿಗೆ ಉತ್ತರ ಸಿಗಬೇಕಾದರೆ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ: ಆ ಫಲಕವು ನಿಜವಾಗಿ ಮಾಡುವ ಕೆಲಸ ಯಾವುದು, ಮತ್ತು ಕಾನೂನು ಎಣಿಸುವುದು ಯಾವುದನ್ನು.

ಫಲಕದ ಹಿಂದೆ

ಕಪ್ಪು ಬಿಳಿ ಚೌಕಗಳ ಕ್ಯೂಆರ್ ಕೋಡ್ ಹುಟ್ಟಿದ್ದು ಹಣದ ಸಲುವಾಗಿ ಅಲ್ಲ. 1994ರಲ್ಲಿ ಜಪಾನಿನಲ್ಲಿ, ಡೆನ್ಸೊ ಸಮೂಹದ ಎಂಜಿನಿಯರುಗಳು ಕಾರಿನ ಬಿಡಿಭಾಗಗಳಲ್ಲಿ ಯಾವುದು ಎಲ್ಲಿದೆ ಎಂದು ಗುರುತಿಡಲು ಅದನ್ನು ರೂಪಿಸಿದರು. ಗುರುತಿಡಲು ಹುಟ್ಟಿದ ಆ ಸಾಧನ ಟೀ ಅಂಗಡಿಗೆ ಬಂದ ಮೇಲೂ ಗುರುತಿಡುವ ಕೆಲಸವನ್ನೇ ಮಾಡುತ್ತಿದೆ. ನಾವು ಅದನ್ನು ಗಮನಿಸಲಿಲ್ಲ ಅಷ್ಟೆ.

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಯುಪಿಐ ಆರಂಭಿಸಿತು. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿ ಅದನ್ನು ಪೇಟೆಗೆ ನೂಕಿತು, ಕೋವಿಡ್ ಕಾಲ ಅದನ್ನು ತಳ್ಳುಗಾಡಿಯವರೆಗೂ ತಂದಿತು. 2025ರ ಆಗಸ್ಟ್‌ನಲ್ಲಿ ದೇಶದಾದ್ಯಂತ ಒಂದೇ ತಿಂಗಳಿನ ಪಾವತಿಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು. ಗಿರಾಕಿ ಫೋನನ್ನು ಫಲಕದ ಮುಂದೆ ಹಿಡಿದಾಗ ಫೋನಿಗೆ ಸಿಗುವುದು ಮುಖ್ಯವಾಗಿ ಅಂಗಡಿಯವರ ಪಾವತಿ ವಿಳಾಸ. ಆಮೇಲಿನ ಕೆಲಸವೆಲ್ಲ ಕಣ್ಣಿಗೆ ಕಾಣದೆಡೆ ನಡೆಯುತ್ತದೆ: ಗಿರಾಕಿಯ ಆ್ಯಪ್‌ನಿಂದ ಹೊರಟ ಕೋರಿಕೆಯು ಪಾವತಿ ನಿಗಮದ ಕೇಂದ್ರವನ್ನು ಹಾದು, ಒಂದು ಬ್ಯಾಂಕಿನಲ್ಲಿ ಖರ್ಚಾಗಿಯೂ ಇನ್ನೊಂದರಲ್ಲಿ ಜಮೆಯಾಗಿಯೂ ದಾಖಲಾಗಿ, ಕೊನೆಗೆ ಸೌಂಡ್‌ಬಾಕ್ಸ್‌ನೊಳಗಿನ ಸಿಮ್ ಕಾರ್ಡಿಗೆ ತಲುಪಿ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂಬ ಕೂಗಾಗುತ್ತದೆ. (ಆಂಧ್ರದ ಗಡಿಯ ಬಾಗೇಪಲ್ಲಿಯ ಕಡೆ ಆ ಕೂಗು ತೆಲುಗಿನಲ್ಲಿ ಕೇಳಿಸಿದರೂ ಯಾರೂ ತಿರುಗಿ ನೋಡುವುದಿಲ್ಲ.) ಈ ಹಾದಿಯ ಪ್ರತಿ ತಿರುವಿನಲ್ಲೂ ಮೊತ್ತ, ಹೊತ್ತು, ಕೊಟ್ಟವರು, ಪಡೆದವರು ಎಂಬ ನಾಲ್ಕು ಸಂಗತಿಗಳು ದಾಖಲಾಗುತ್ತವೆ.

ಕನ್ನಡದಲ್ಲಿ ಯಂತ್ರ ಮತ್ತು ತಂತ್ರ ಎಂಬ ಎರಡು ಮಾತುಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಂತ್ರವೆಂದರೆ ಕೈಗೆ ಸಿಗುವ ವಸ್ತು: ಫಲಕ, ಫೋನು, ಕೂಗುವ ಡಬ್ಬಿ. ತಂತ್ರವೆಂದರೆ ಆ ವಸ್ತುವನ್ನು ನಡೆಸುವ ಏರ್ಪಾಡು: ದಾಖಲೆ ಎಲ್ಲಿ ಉಳಿಯಬೇಕು, ಅದನ್ನು ಯಾರು ಕೇಳಿ ಪಡೆಯಬಹುದು, ಕೇಳಿದವರು ಅದರಿಂದ ಏನನ್ನು ಊಹಿಸಬಹುದು ಎಂಬ ನಿಯಮಗಳೂ ಅದರೊಳಗೆ ಸೇರಿವೆ. ಸಣ್ಣ ವ್ಯಾಪಾರಿಗೆ ಉಚಿತವಾಗಿಯೋ ಸಣ್ಣ ಬಾಡಿಗೆಗೋ ಸಿಕ್ಕಿದ್ದು ಯಂತ್ರ. ತಂತ್ರದ ಬಗ್ಗೆ ಅವರಿಗೆ ಯಾರೂ ಹೇಳಲಿಲ್ಲ. ಹಾಗಾಗಿ ಅದನ್ನು ಅವರು ಚಿಲ್ಲರೆ ತಾಪತ್ರಯವಿಲ್ಲದ ಗಲ್ಲಾಪೆಟ್ಟಿಗೆ ಎಂದುಕೊಂಡರು. ನಾಲ್ಕು ವರ್ಷಗಳ ನಂತರ ನೋಟಿಸ್ ಬಂದಾಗಲೇ ಅದು ಬೇರೆಯವರು ತಮ್ಮ ಪರವಾಗಿ ಬರೆಯುತ್ತಿದ್ದ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕವೆಂದು ಗೊತ್ತಾದದ್ದು.

ಆ ಕಿರ್ದಿಯೂ ಅರ್ಧ ಮಾತ್ರ. ಹಳೆಯ ಕಾಲದ ಕಿರಾಣಿ ಅಂಗಡಿಯವರು ಬರೆಯುತ್ತಿದ್ದ ಪುಸ್ತಕದಲ್ಲಿ ಜಮೆಯ ಎದುರಿಗೆ ಖರ್ಚು, ರೋಖಿನ (ನಗದಿನ) ಪಕ್ಕದಲ್ಲಿ ಉದ್ರಿ (ಸಾಲ) ಇರುತ್ತಿತ್ತು. ಕ್ಯೂಆರ್ ಬರೆದಿಟ್ಟ ಪಟ್ಟಿಯಲ್ಲಿ ಬಂದ ಹಣ ಇದೆ. ಆ ಹಣ ಯಾವ ಸರಕಿಗೆ ಬಂತು ಎಂಬುದಿಲ್ಲ. ಚೀಟಿ ಹಣವೋ, ಕೈಸಾಲ ತೀರಿಸಿದ್ದೋ, ‘ನಗದು ಕೊಡಿ, ಫೋನ್‌ಪೇ ಮಾಡುತ್ತೇನೆ’ ಎಂದ ಪಕ್ಕದ ಅಂಗಡಿಯವರ ಐನೂರೋ ಎಂಬುದು ಅದಕ್ಕೆ ತಿಳಿಯದು. ಅಸಲು ಕಳೆದು ಉಳಿದದ್ದೆಷ್ಟು ಎಂಬುದಂತೂ ಅದರ ವ್ಯಾಪ್ತಿಯಲ್ಲೇ ಇಲ್ಲ.

ಕಾನೂನು ಎಣಿಸುವುದು

ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಯುಪಿಐ ಬಳಸಿದ್ದಕ್ಕೆ ಜಿಎಸ್‌ಟಿ ಇಲ್ಲ. 2025ರ ಏಪ್ರಿಲ್‌ನಲ್ಲಿ, 2,000 ರೂಪಾಯಿ ಮೀರಿದ ಯುಪಿಐ ಪಾವತಿಗೆ ತೆರಿಗೆ ಬರಲಿದೆ ಎಂಬ ವದಂತಿ ಹಬ್ಬಿದಾಗ ಕೇಂದ್ರ ಹಣಕಾಸು ಸಚಿವಾಲಯವೇ ಅದನ್ನು ಅಲ್ಲಗಳೆದಿತ್ತು. ತೆರಿಗೆ ಬೀಳುವುದು ಸರಕು ಮತ್ತು ಸೇವೆಯ ಮೇಲೆ. ಹಣ ನೋಟಿನಲ್ಲಿ ಬಂದರೂ, ಚೆಕ್ಕಿನಲ್ಲಿ ಬಂದರೂ, ಫೋನಿನಲ್ಲಿ ಬಂದರೂ ಒಂದೇ. ಫಲಕ ತೆಗೆದರೆ ಹೊಣೆ ಹೋಗುವುದಿಲ್ಲ, ಹೊಣೆಯ ಸಾಕ್ಷಿ ಕಡಿಮೆಯಾಗುತ್ತದೆ. ಗೊಂದಲದ ಬಹುಪಾಲು ಹುಟ್ಟಿದ್ದು ಈ ಎರಡನ್ನು ಒಂದೆಂದು ತಿಳಿದದ್ದರಿಂದ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. 2019ರ ಏಪ್ರಿಲ್‌ನಿಂದ, ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಸೇವೆ ಒದಗಿಸುವವರಿಗೆ ಈ ಮಿತಿ 20 ಲಕ್ಷ. ಕೇಳಲು ಇವು ದೊಡ್ಡ ಮೊತ್ತಗಳು. ದಿನದ ಲೆಕ್ಕಕ್ಕೆ ಇಳಿಸಿದರೆ ಚಿತ್ರ ಬದಲಾಗುತ್ತದೆ: 40 ಲಕ್ಷವೆಂದರೆ ದಿನಕ್ಕೆ ಸುಮಾರು 10,960 ರೂಪಾಯಿ, 20 ಲಕ್ಷವೆಂದರೆ ಸುಮಾರು 5,480 ರೂಪಾಯಿ.

ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದನ್ನು ಊಹಿಸಿಕೊಳ್ಳೋಣ. ತಿಂಡಿ ಬಡಿಸುವುದನ್ನು ಜಿಎಸ್‌ಟಿ ಕಾನೂನು ಸೇವೆಯೆಂದು ಪರಿಗಣಿಸುವುದರಿಂದ ಹೋಟೆಲಿನ ಮಿತಿ 20 ಲಕ್ಷ. ಪ್ಲೇಟಿಗೆ 40 ರೂಪಾಯಿ ಎಂದು ಹಿಡಿದರೆ ದಿನಕ್ಕೆ 137 ಪ್ಲೇಟು ಸಾಕು, ವರ್ಷದ ಕೊನೆಗೆ ಮಿತಿ ಬಂದು ನಿಲ್ಲುತ್ತದೆ. ಸಿದ್ಧಗಂಗೆಗೆ ಬಂದು ಹೋಗುವ ಜನ, ಹೆದ್ದಾರಿಯ ವಾಹನಗಳು ಇರುವ ಕಡೆ 137 ಪ್ಲೇಟು ಬೆಳಗಿನ ವ್ಯಾಪಾರದಲ್ಲೇ ಮುಗಿಯುವ ಲೆಕ್ಕ. ಆ ಹೋಟೆಲಿನವರು ತಮ್ಮನ್ನು ಸಣ್ಣ ವ್ಯಾಪಾರಿ ಎಂದೇ ತಿಳಿದಿರುತ್ತಾರೆ, ಊರೂ ಹಾಗೆಯೇ ತಿಳಿದಿರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅವರು ನೋಂದಣಿ ಮಾಡಿಸಬೇಕಾದವರು. ಇನ್ನೂ ಸೂಕ್ಷ್ಮವಾದ ಉದಾಹರಣೆ ಗೌರಿಬಿದನೂರಿನಂಥ ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿ. ಪುಸ್ತಕ, ಪೆನ್ನು ಮಾತ್ರ ಮಾರುತ್ತಿದ್ದರೆ ಮಿತಿ 40 ಲಕ್ಷ. ಮೂಲೆಯಲ್ಲೊಂದು ಜೆರಾಕ್ಸ್ ಯಂತ್ರ ಇಟ್ಟ ದಿನದಿಂದ ಅದು ಸೇವೆಯನ್ನೂ ಕೊಡುವ ಅಂಗಡಿಯಾಗಿ, 40 ಲಕ್ಷದ ಸೌಲಭ್ಯವು ಸರಕು ಮಾತ್ರ ಮಾರುವವರಿಗೆ ಮೀಸಲಾಗಿರುವುದರಿಂದ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಇದನ್ನು ತಾನಾಗಿ ಅರಿತ ಅಂಗಡಿಯವರು ಎಷ್ಟು ಮಂದಿ ಇದ್ದಾರು?

ಹಾಲಿನ ಜೊತೆಗೆ ಬಿಸ್ಕತ್ತು

ತರಕಾರಿ ಪ್ರಶ್ನೆಗೆ ಬರೋಣ. ತಾಜಾ ತರಕಾರಿ, ಹಣ್ಣು, ಪ್ಯಾಕೆಟ್ ಹಾಲು ಇವುಗಳಿಗೆ ಜಿಎಸ್‌ಟಿ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ತಾವೇ ಬೆಳೆದದ್ದನ್ನು ಮಾರುವ ರೈತರಿಗೂ ಬೇಕಿಲ್ಲ. ಆದ್ದರಿಂದ 15 ಕೆ.ಜಿ. ಬಾಕ್ಸುಗಳಲ್ಲಿ ಟೊಮೆಟೊ ತುಂಬಿ ಕೋಲಾರದ ಮಾರುಕಟ್ಟೆಗೆ ತರುವ ಮುಳಬಾಗಿಲಿನ ರೈತರ ಖಾತೆಗೆ ಮಂಡಿಯಿಂದ ಎಷ್ಟು ಲಕ್ಷ ಬಂದು ಬಿದ್ದರೂ ಅದರಿಂದ ಜಿಎಸ್‌ಟಿ ಹೊಣೆ ಹುಟ್ಟುವುದಿಲ್ಲ. ಹಾಗಿದ್ದೂ ತರಕಾರಿ ವ್ಯಾಪಾರಿಗಳ ಹೆಸರು ನೋಟಿಸಿನ ಪಟ್ಟಿಗೆ ಸೇರಿದ್ದು ಏಕೆಂದರೆ, ಮೇಲೆ ಹೇಳಿದಂತೆ, ಯುಪಿಐ ಪಟ್ಟಿಗೆ ಮೊತ್ತ ಗೊತ್ತು, ಸರಕು ಗೊತ್ತಿಲ್ಲ. ಟೊಮೆಟೊ ಮಾರಿದ ಹತ್ತು ಸಾವಿರವೂ ಸಿಗರೇಟು ಮಾರಿದ ಹತ್ತು ಸಾವಿರವೂ ಅಲ್ಲಿ ಒಂದೇ ರೀತಿ ಕಾಣುತ್ತವೆ.

ತೊಡಕು ಇರುವುದು ಎರಡನ್ನೂ ಮಾರುವ ಅಂಗಡಿಗಳಲ್ಲಿ. ಒಬ್ಬ ವ್ಯಾಪಾರಿ ದಿನಕ್ಕೆ 200 ಲೀಟರ್ ಹಾಲನ್ನು ಲೀಟರಿಗೆ 46 ರೂಪಾಯಿಯಂತೆ ಮಾರುತ್ತಾರೆ ಎಂದುಕೊಳ್ಳೋಣ. ವರ್ಷಕ್ಕೆ 33.58 ಲಕ್ಷ, ತೆರಿಗೆ ಇಲ್ಲ, ನೋಂದಣಿಯೂ ಬೇಡ. ಅದರ ಜೊತೆಗೆ ದಿನಕ್ಕೆ 2,000 ರೂಪಾಯಿಯ ಪ್ಯಾಕೆಟ್ ಮೊಸರು, ತುಪ್ಪ, ಬಿಸ್ಕತ್ತು ಇಟ್ಟರೆ ವರ್ಷಕ್ಕೆ 7.3 ಲಕ್ಷ ಸೇರಿ ಒಟ್ಟು 40.88 ಲಕ್ಷವಾಗುತ್ತದೆ. ಒಟ್ಟು ವಹಿವಾಟನ್ನು ಎಣಿಸುವಾಗ ತೆರಿಗೆ ಇಲ್ಲದ ಹಾಲಿನ ಹಣವನ್ನೂ ಕಾನೂನು ಸೇರಿಸಿಕೊಳ್ಳುವುದರಿಂದ ಅಂಗಡಿ ಮಿತಿ ದಾಟಿತು. ತೆರಿಗೆ ಬೀಳುವುದು ಮಾತ್ರ ಹಾಲಿನ ಮೇಲಲ್ಲ, ಆ ಮೊಸರು, ತುಪ್ಪ, ಬಿಸ್ಕತ್ತಿನ ಮೇಲೆ. ‘ಹಾಲಿಗೆ ತೆರಿಗೆ ಇಲ್ಲ’ ಎಂಬ ಮಾತೂ ನಿಜ, ‘ಹಾಲಿನಂಗಡಿ ನೋಂದಣಿ ಮಾಡಿಸಬೇಕು’ ಎಂಬ ಮಾತೂ ನಿಜ. ಸುದ್ದಿವಾಹಿನಿಗಳ ಚರ್ಚೆಯಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧವೆಂಬಂತೆ ಕೇಳಿಸಿದವು.

ಯಾರ ವಾದ ಏನು

ಇಲಾಖೆಯ ನಿಲುವು ಹೀಗಿದೆ: ನೋಟಿಸ್ ಎಂದರೆ ಅಂತಿಮ ಆದೇಶವಲ್ಲ, ವಿವರಣೆ ಕೇಳುವ ಪತ್ರ, ಮಾರಿದ್ದು ತೆರಿಗೆರಹಿತ ಸರಕೆಂದೋ ಬಂದದ್ದು ವ್ಯಾಪಾರದ ಹಣವಲ್ಲವೆಂದೋ ತೋರಿಸಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ನೋಂದಣಿ ಮಾಡಿಸಿ ತೆರಿಗೆ ಕಟ್ಟುವ ಅಂಗಡಿಯ ಪಕ್ಕದಲ್ಲೇ ಅಷ್ಟೇ ವ್ಯಾಪಾರವಿರುವ ಇನ್ನೊಂದು ಅಂಗಡಿ ಏನನ್ನೂ ಕಟ್ಟದಿರುವುದು ನ್ಯಾಯವಲ್ಲ. ಈ ವಾದವನ್ನು ತಳ್ಳಿಹಾಕುವುದು ಕಷ್ಟ.

ವ್ಯಾಪಾರಿಗಳ ವಾದವೂ ಹಗುರವಾದುದಲ್ಲ. ಡಿಜಿಟಲ್ ಆಗಿ ಎಂದು ಕರೆದದ್ದು ಸರ್ಕಾರಗಳೇ. ಸಣ್ಣ ವ್ಯಾಪಾರಿಗಳ 2,000 ರೂಪಾಯಿವರೆಗಿನ ಯುಪಿಐ ಪಾವತಿಗೆ ಶೇ 0.15ರಷ್ಟು ಪ್ರೋತ್ಸಾಹಧನ ಕೊಡಲು ಕೇಂದ್ರ ಸಂಪುಟವು 2024-25ನೇ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಯನ್ನೇ ಒಪ್ಪಿತ್ತು, ಆದರೆ ಆ ಹಣ ಹೋಗುವುದು ಪಾವತಿ ವ್ಯವಸ್ಥೆ ನಡೆಸುವ ಬ್ಯಾಂಕು, ಕಂಪನಿಗಳಿಗೆ. ಮೊದಲ ವರ್ಷವೇ ಎಚ್ಚರಿಸಿದ್ದರೆ ಎರಡನೆಯ ವರ್ಷಕ್ಕೆ ಸರಿಯಾಗುತ್ತಿದ್ದ ತಪ್ಪನ್ನು ನಾಲ್ಕು ವರ್ಷ ಬೆಳೆಯಲು ಬಿಟ್ಟು, ಬಡ್ಡಿ ಮತ್ತು ದಂಡದ ಜೊತೆ ಒಮ್ಮೆಲೇ ಕೇಳಿದ್ದು ಅವರ ದೂರು. ದಾಖಲೆ ಮೊದಲ ದಿನದಿಂದಲೂ ಇತ್ತು. ಅದನ್ನು ನೋಡುವ ಮನಸ್ಸಾದದ್ದು ತಡವಾಗಿ. ಈ ತಡಕ್ಕೆ ತಂತ್ರಜ್ಞಾನ ಕಾರಣವಲ್ಲ.

ಇದರ ನಡುವೆ ರಾಜಕೀಯ ಪಕ್ಷಗಳು ಪರಸ್ಪರ ಬೆರಳು ತೋರಿದವು. ಜಿಎಸ್‌ಟಿ ಕೇಂದ್ರದ್ದು ಎಂದು ರಾಜ್ಯದ ನಾಯಕರು, ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಹೇಳಿದರು. ನಿಯಮ ರೂಪಿಸುವುದು ಕೇಂದ್ರ, ರಾಜ್ಯಗಳೆರಡೂ ಇರುವ ಜಿಎಸ್‌ಟಿ ಮಂಡಳಿ, ನೋಟಿಸ್ ಕಳುಹಿಸಿದ್ದು ರಾಜ್ಯದ ಅಧಿಕಾರಿಗಳು ಎಂಬುದಷ್ಟೇ ಇಲ್ಲಿನ ಸಂಗತಿ.

ಮೊತ್ತ ಬೆದರಿಸಿದ್ದು ಹೇಗೆ

ನೋಟಿಸಿನ ಮೊತ್ತಗಳು ಲಕ್ಷಗಳಲ್ಲಿ ಇದ್ದುದು ಜನರನ್ನು ಹೆಚ್ಚು ಕಂಗೆಡಿಸಿತು. ಸಣ್ಣವರಿಗೆಂದೇ ಕಾನೂನಿನಲ್ಲಿ ರಾಜಿ ತೆರಿಗೆ ಎಂಬ ಪದ್ಧತಿ ಇದೆ. 1.5 ಕೋಟಿವರೆಗಿನ ವಹಿವಾಟಿನ ವರ್ತಕರು ಶೇ 1ರಷ್ಟನ್ನು, ಹೋಟೆಲಿನವರು ಶೇ 5ರಷ್ಟನ್ನು ಕಟ್ಟಿ ಮೂರು ತಿಂಗಳಿಗೊಮ್ಮೆ ಲೆಕ್ಕವನ್ನೂ ವರ್ಷಕ್ಕೊಮ್ಮೆ ರಿಟರ್ನ್ ಅನ್ನೂ ಒಪ್ಪಿಸಿದರೆ ಸಾಕು. ಇದಕ್ಕೆ ಪ್ರತಿಯಾಗಿ ಅವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ತಾವು ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ.

ಮಿತಿ ದಾಟಿದ ಅಂಗಡಿಯೊಂದು ಮರುವರ್ಷ 44 ಲಕ್ಷ ರೂಪಾಯಿಯ ತೆರಿಗೆಯುಳ್ಳ ಸರಕು ಮಾರಿತೆನ್ನೋಣ. ರಾಜಿ ತೆರಿಗೆಯಲ್ಲಿ ಅದು ಕಟ್ಟಬೇಕಾದದ್ದು 44,000 ರೂಪಾಯಿ. ಆದರೆ ರಾಜಿ ಪದ್ಧತಿಯನ್ನು ಮುಂಚಿತವಾಗಿ ಆಯ್ದುಕೊಂಡಿರಬೇಕು. ಕಳೆದುಹೋದ ವರ್ಷಕ್ಕೆ ಹಿಂದಿರುಗಿ ಅನ್ವಯಿಸಿಕೊಳ್ಳಲು ಬರುವುದಿಲ್ಲ. ನೋಂದಣಿಯೇ ಇಲ್ಲದವರಿಗೆ ಸಾಮಾನ್ಯ ದರ ಬೀಳುತ್ತದೆ. ಸರಕೆಲ್ಲ ಶೇ 18ರ ದರದ್ದಾದರೆ ಅದೇ 44 ಲಕ್ಷಕ್ಕೆ 7.92 ಲಕ್ಷ. ಅಂಗಡಿಯ ಲಾಭ ನೂರಕ್ಕೆ ಎಂಟು ಎಂದು ಹಿಡಿದರೆ ವರ್ಷದ ದುಡಿಮೆ 3.52 ಲಕ್ಷ. ಅಂದರೆ ಆ ವರ್ಷ ಗಳಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೆರಿಗೆ, ಅದರ ಮೇಲೆ ಬಡ್ಡಿ, ದಂಡ. ಆ ತೆರಿಗೆಯನ್ನು ಗಿರಾಕಿಯಿಂದ ಪಡೆದಿರಲಿಲ್ಲ, ಇನ್ನು ಪಡೆಯಲೂ ಆಗದು. ಒಂದು ಅರ್ಜಿ ಹಾಕಿದ್ದರೆ 44 ಸಾವಿರದಲ್ಲಿ ಮುಗಿಯುತ್ತಿದ್ದದ್ದು, ಅರ್ಜಿ ಹಾಕದ ಕಾರಣಕ್ಕೆ ಹದಿನೆಂಟು ಪಟ್ಟು ಆಗುವ ಈ ರಚನೆ ಅಜ್ಞಾನಕ್ಕೆ ವಿಧಿಸಿದ ಶಿಕ್ಷೆಯಂತೆ ಕಾಣುವುದು ಸಹಜ. ತೆರಿಗೆ ತಪ್ಪಿಸುವ ಉದ್ದೇಶವಿದ್ದವರಿಗೂ ಕಾನೂನೇ ಗೊತ್ತಿಲ್ಲದವರಿಗೂ ತೆರಿಗೆಯ ದರದಲ್ಲಿ ಅದು ವ್ಯತ್ಯಾಸ ಮಾಡುವುದಿಲ್ಲ. ಹಳೆಯ ಬಾಕಿ ಬಿಡುವ ಮುಖ್ಯಮಂತ್ರಿಗಳ ಮಾತನ್ನು ಔದಾರ್ಯವೆನ್ನುವುದಕ್ಕಿಂತ, ಈ ಅಸಮತೋಲನಕ್ಕೆ ಸಿಕ್ಕ ತಡವಾದ ತಿದ್ದುಪಡಿ ಎನ್ನುವುದು ಹೆಚ್ಚು ಸರಿ.

ಗೂಡಿನ ಮಾರುಕಟ್ಟೆ, ಕೊಬ್ಬರಿ ಮಾರುಕಟ್ಟೆ

ದಾಖಲೆ ಬರೆಯುವ ತಂತ್ರ ಯಾವಾಗಲೂ ಸಣ್ಣವರ ವಿರುದ್ಧವೇ ಕೆಲಸ ಮಾಡುತ್ತದೆ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಇದೇ ಜಿಲ್ಲೆಗಳಲ್ಲಿ ಬೇರೆ ಉದಾಹರಣೆಗಳಿವೆ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಎಲೆಕ್ಟ್ರಾನಿಕ್ ತೂಕ, ಇ-ಹರಾಜು ಮತ್ತು ಬ್ಯಾಂಕ್ ಮೂಲಕ ಹಣ ಪಾವತಿ ಬಂದ ಮೇಲೆ, ಯಾರು ಎಷ್ಟಕ್ಕೆ ಕೂಗಿದರು, ತೂಕ ಎಷ್ಟು, ರೈತರಿಗೆ ಎಷ್ಟು ಸಲ್ಲಬೇಕು ಎಂಬುದು ಬಾಯಿಮಾತಿನಲ್ಲಿ ಉಳಿಯದೆ ದಾಖಲೆಗೆ ಬಂತು. ರಾಜ್ಯ ಸರ್ಕಾರವು 2014ರಲ್ಲಿ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರ್ ಪದ್ಧತಿ ತಿಪಟೂರಿನ ಕೊಬ್ಬರಿ ವಹಿವಾಟಿಗೂ ಬಂದದ್ದು ಇದೇ ಉದ್ದೇಶಕ್ಕೆ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಕಾಲದಲ್ಲಿ ಬೆಳೆ ಬೆಳೆದ ರೈತರಿಗೆ ಏನು ನಡೆಯುತ್ತಿದೆ ಎಂಬುದೇ ಕಾಣುತ್ತಿರಲಿಲ್ಲ.

ವ್ಯತ್ಯಾಸ ಯಂತ್ರದಲ್ಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ದಾಖಲೆ ಬರೆದ ದಿನವೇ ರೈತರ ಕೈಗೂ ಸಿಗುತ್ತದೆ. ಅದನ್ನು ಹಿಡಿದು ಅವರು ಪ್ರಶ್ನೆ ಕೇಳಬಹುದು. ಟೀ ಅಂಗಡಿಯ ಕ್ಯೂಆರ್ ದಾಖಲೆಯನ್ನು ಬ್ಯಾಂಕು ಓದುತ್ತದೆ, ಪಾವತಿ ಕಂಪನಿ ಓದಿ ಸಾಲದ ಆಮಿಷ ಒಡ್ಡುತ್ತದೆ, ಇಲಾಖೆ ಓದಿ ನೋಟಿಸ್ ಬರೆಯುತ್ತದೆ. ಅಂಗಡಿಯವರ ಫೋನಿನಲ್ಲೂ ಅದು ಇರುತ್ತದೆ ನಿಜ, ಆದರೆ ‘ಈ ವರ್ಷ ನಿಮ್ಮ ಜಮೆ 18 ಲಕ್ಷ ಮುಟ್ಟಿದೆ, ಇನ್ನು ಎರಡು ಲಕ್ಷಕ್ಕೆ ನೋಂದಣಿ ಬೇಕಾಗಬಹುದು’ ಎಂಬ ಒಂದು ಸಾಲನ್ನು ಆ ಡಬ್ಬಿ ಕೂಗಲಿಲ್ಲ. ಪ್ರತಿ ಇಪ್ಪತ್ತು ರೂಪಾಯಿಯನ್ನೂ ಕೂಗಿ ಹೇಳುವ ಸಾಧನಕ್ಕೆ ಅದು ದೊಡ್ಡ ಕೆಲಸವಾಗಿರಲಿಲ್ಲ.

ನಗದಿಗೆ ಮರಳಿದರೆ

ಫಲಕ ತೆಗೆದವರು ಕೆಲವು ಲಾಭಗಳನ್ನೂ ಬಿಟ್ಟುಕೊಡುತ್ತಾರೆ. ಬೀದಿಬದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಸಾಲವನ್ನು 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿ, ಮೊದಲ ಕಂತನ್ನು 15,000, ಎರಡನೆಯದನ್ನು 25,000, ಮೂರನೆಯದನ್ನು 50,000 ರೂಪಾಯಿಗೆ ನಿಗದಿ ಮಾಡಲಾಗಿದೆ. ಡಿಜಿಟಲ್ ವಹಿವಾಟಿಗೆ ಕ್ಯಾಶ್‌ಬ್ಯಾಕ್ ಕೊಡುವುದೂ ಆ ಯೋಜನೆಯ ಭಾಗ. ಒಂದು ಕಚೇರಿ ಫಲಕ ಇಟ್ಟದ್ದಕ್ಕೆ ಬಹುಮಾನ ಕೊಡುತ್ತಿರುವಾಗ ಇನ್ನೊಂದು ಕಚೇರಿಯ ಹೆದರಿಕೆಯಿಂದ ಫಲಕ ತೆಗೆಯುವ ಸ್ಥಿತಿ ವಿಚಿತ್ರವಾಗಿದೆ. ತಳ್ಳುಗಾಡಿಯವರ ವಹಿವಾಟು ಮಿತಿಯ ಹತ್ತಿರವೂ ಸುಳಿಯುವುದು ಅಪರೂಪವಾದ್ದರಿಂದ ಆ ಹೆದರಿಕೆಗೆ ಆಧಾರವೂ ಕಡಿಮೆ. ಸಣ್ಣ ವ್ಯಾಪಾರಿಗಳ ಆದಾಯ ತೆರಿಗೆಯಲ್ಲಿಯೂ ಅಂದಾಜು ಲಾಭವನ್ನು ನಗದು ವಹಿವಾಟಿಗೆ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಎಂದು ಹಿಡಿಯುವುದರಿಂದ, ಅಲ್ಲಿ ನಗದು ಹೆಚ್ಚಾದಷ್ಟೂ ತೆರಿಗೆಯ ಲೆಕ್ಕ ಏರುತ್ತದೆ.

ಹೆಂಡತಿಯ ಹೆಸರಿನಲ್ಲೊಂದು, ಮಗನ ಹೆಸರಿನಲ್ಲೊಂದು ಫಲಕ ಇಟ್ಟು ಹಣ ಹಂಚುವ ಉಪಾಯದ ಮಾತೂ ಕೇಳಿಬರುತ್ತದೆ. ವಹಿವಾಟನ್ನು ಪ್ಯಾನ್ ಆಧಾರದಲ್ಲಿ ಎಣಿಸುವುದರಿಂದ ಮೇಲ್ನೋಟಕ್ಕೆ ಇದು ನಡೆಯುವಂತೆ ಕಾಣಬಹುದು. ಆದರೆ ಅಂಗಡಿ ಒಂದೇ, ಸರಕು ಒಂದೇ ಎಂದು ತೋರಿದರೆ ಅಧಿಕಾರಿಗಳು ಮೂರು ಖಾತೆಗಳನ್ನೂ ಕೂಡಿಸಬಹುದು. ಆಗ ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳಿಕೊಳ್ಳುವ ಅವಕಾಶವೂ ಹೋಗುತ್ತದೆ. ಅದಕ್ಕಿಂತ ವೈಯಕ್ತಿಕ ಹಣಕ್ಕೆ ಒಂದು ಖಾತೆ, ಅಂಗಡಿಗೆ ಇನ್ನೊಂದು ಖಾತೆ ಎಂದು ಬೇರ್ಪಡಿಸುವುದು, ತೆರಿಗೆಯಿಲ್ಲದ ಸರಕಿನ ಖರೀದಿ ಬಿಲ್ಲುಗಳನ್ನು ಎತ್ತಿಡುವುದು ಹೆಚ್ಚು ಕೆಲಸಕ್ಕೆ ಬರುವ ಕ್ರಮಗಳು. ಕ್ಯೂಆರ್ ಬರೆಯದೆ ಬಿಟ್ಟ ಅರ್ಧ ಕಿರ್ದಿಯನ್ನು ಕೈಯಾರೆ ಬರೆದುಕೊಳ್ಳುವುದೆಂದರೆ ಇದೇ.

ಉಳಿದಿರುವ ಪ್ರಶ್ನೆಗಳು

40 ಲಕ್ಷದ ಮಿತಿ 2019ರದ್ದು, 20 ಲಕ್ಷದ್ದು 2017ರದ್ದು. ಅಂದಿನಿಂದ ಅಡುಗೆ ಎಣ್ಣೆ, ಹಾಲು, ಕಾಫಿಪುಡಿಯ ಬೆಲೆ ಏರಿದಂತೆ ಅಷ್ಟೇ ಪ್ಲೇಟು ಇಡ್ಲಿ ಮಾರುವ ಹೋಟೆಲಿನ ವಹಿವಾಟು ಕಾಗದದ ಮೇಲೆ ಹಿಗ್ಗಿದೆ. ಲಾಭ ಹಾಗೆ ಹಿಗ್ಗಬೇಕೆಂದಿಲ್ಲ. ಮಿತಿಯನ್ನು ಏರಿಸುವ ಅಧಿಕಾರ ಇರುವುದು ಜಿಎಸ್‌ಟಿ ಮಂಡಳಿಗೆ, ಒಂದು ರಾಜ್ಯದ ಮುಖ್ಯಮಂತ್ರಿಗೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳು ಇಳಿದು ತುಪ್ಪದಂಥ ಸರಕುಗಳು ಶೇ 5ಕ್ಕೆ ಬಂದಾಗಲೂ ನೋಂದಣಿಯ ಮಿತಿ ಇದ್ದಲ್ಲೇ ಉಳಿಯಿತು.

ಜುಲೈ 23ರ ಭರವಸೆ ಹಳೆಯ ಬಾಕಿಗೆ ಸಂಬಂಧಿಸಿದ್ದು, ಅದಕ್ಕೂ ನೋಂದಣಿಯ ಷರತ್ತಿದೆ. ಆಮೇಲಿನ ವಹಿವಾಟಿಗೆ ಅಂಥ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಫಲಕವನ್ನು ಮತ್ತೆ ಹೊರಗೆ ತಂದಿಟ್ಟಿರುವ ಅಂಗಡಿಗಳ ಜಮೆ ಎಂದಿನಂತೆ ಮೊತ್ತ, ಹೊತ್ತು, ಕೊಟ್ಟವರು, ಪಡೆದವರು ಎಂಬ ಅದೇ ನಾಲ್ಕು ಸಂಗತಿಗಳೊಂದಿಗೆ ದಾಖಲಾಗುತ್ತಿದೆ. ಐದನೆಯದಾದ ಸರಕಿನ ಹೆಸರನ್ನು ಬರೆದಿಡುವವರು ಇನ್ನೂ ಅಂಗಡಿಯವರೇ.